ಕೈವಾರದ ಬಳೆಗಾರ ಮತ್ತು 1961ರ ಸಂಗೀತಚಿತ್ರ

ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ 'ಕೈವಾರ ಮಹಾತ್ಮೆ'ಗೆ (1961) ಸಿಗುವ ಜಾಗ ಚಿಕ್ಕದು. ಭಕ್ತಿಚಿತ್ರಗಳ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ. ಅದೇ ವರ್ಷ ಬಂದ 'ಕಣ್ತೆರೆದು ನೋಡು' ಚಿತ್ರವನ್ನು ಸಾಮಾಜಿಕ ಎಂದು ಬೇರೆ ಕಟ್ಟಿನಲ್ಲಿಡುತ್ತೇವೆ. ಆದರೆ ಎರಡಕ್ಕೂ ನಿರ್ದೇಶಕರು ಟಿ.ವಿ. ಸಿಂಗ್ ಠಾಕೂರ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಮುಖ್ಯ ಪಾತ್ರಗಳಲ್ಲಿ ರಾಜ್‌ಕುಮಾರ್ ಮತ್ತು ಲೀಲಾವತಿ. ಒಂದರಲ್ಲಿ ನಾಯಕ ಕುರುಡು ಗಾಯಕ, ಇನ್ನೊಂದರಲ್ಲಿ ಕೀರ್ತನಕಾರನಾದ ಬಳೆಗಾರ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ಆ ಕಾಲದ ಕನ್ನಡ ಸಂಗೀತಚಿತ್ರ ಹೇಗೆ ರೂಪುಗೊಂಡಿತೆಂಬುದು ತಿಳಿಯುತ್ತದೆ ಎಂಬುದು ನನ್ನ ವಾದ.

ತೆರೆಯ ಮೇಲೆ ಹಾಡು ಬರಬೇಕಾದರೆ ಅದಕ್ಕೊಂದು ಕಾರಣ ಬೇಕು. ಹಾಲಿವುಡ್ ಈ ತೊಡಕನ್ನು ಬಿಡಿಸಿಕೊಂಡದ್ದು ನಾಯಕನನ್ನೇ ಕಲಾವಿದನನ್ನಾಗಿ ಮಾಡಿ. ಎಂಜಿಎಂ ಕಂಪನಿಯ 'ಆನ್ ಅಮೆರಿಕನ್ ಇನ್ ಪ್ಯಾರಿಸ್' (1951) ಚಿತ್ರದ ನಾಯಕ ಚಿತ್ರಕಾರ, ಅವನ ಗೆಳೆಯ ಪಿಯಾನೊ ವಾದಕ. 'ಸಿಂಗಿನ್ ಇನ್ ದಿ ರೇನ್' (1952) ಚಿತ್ರದವರೆಲ್ಲ ಸಿನಿಮಾ ಮಂದಿ. ಕನ್ನಡಕ್ಕೆ ಈ ತೊಡಕು ಹೀಗೆ ಎದುರಾಗಲೇ ಇಲ್ಲ. 1934ರ 'ಸತಿ ಸುಲೋಚನ'ದಿಂದಲೂ ನಮ್ಮ ಚಿತ್ರಗಳಿಗೆ ನಟರು, ಕಥೆ, ಮಟ್ಟುಗಳು ಎಲ್ಲವೂ ಬಂದದ್ದು ಕಂಪನಿ ನಾಟಕದಿಂದ. ಅಲ್ಲಿ ಪಾತ್ರ ಹಾಡದಿದ್ದರೆ ಪ್ರೇಕ್ಷಕರೇ ಬಿಡುತ್ತಿರಲಿಲ್ಲ. ಭಕ್ತನ ಕಥೆಯಲ್ಲಂತೂ ಹಾಡುವುದೇ ಕ್ರಿಯೆ. 'ಬೇಡರ ಕಣ್ಣಪ್ಪ' (1954), 'ಓಹಿಲೇಶ್ವರ' (1956), 'ಭಕ್ತ ಕನಕದಾಸ' (1960) ಚಿತ್ರಗಳಲ್ಲಿ ಹಾಡು ತೆಗೆದರೆ ಕಥೆ ನಿಲ್ಲುವುದೇ ಇಲ್ಲ.

ಕೈವಾರದ ನಾರೇಯಣಪ್ಪನವರ ಬದುಕು ಇಂಥ ಚಿತ್ರಕ್ಕೆ ಹೇಳಿ ಮಾಡಿಸಿದಂಥದು. ಚಿಂತಾಮಣಿ ತಾಲ್ಲೂಕಿನ ಈ ಊರಿನ ಅಮರನಾರೇಯಣ ಸ್ವಾಮಿಯೇ ಅವರ ಇಷ್ಟದೈವ. ಅವರು 18ನೆಯ ಶತಮಾನದಲ್ಲಿ ಹುಟ್ಟಿ 19ನೆಯ ಶತಮಾನದ ಮೊದಲ ದಶಕಗಳವರೆಗೂ ಬಾಳಿದರೆಂದು ಪರಂಪರೆ ಹೇಳುತ್ತದೆ. ಬಳೆ ಮಾರುತ್ತಿದ್ದವರು, ವ್ಯಾಪಾರ ಒಗ್ಗಲಿಲ್ಲ. ಮನೆಯಲ್ಲಿ ಹೆಂಡತಿಯ ಬೈಗುಳ ತಪ್ಪಲಿಲ್ಲ. ಗುರು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಗುಹೆಯಲ್ಲಿ ನಾರಾಯಣ ಮಂತ್ರ ಜಪಿಸಿದರು, ಕಲ್ಲು ಕಲ್ಲುಸಕ್ಕರೆಯಾಯಿತು ಎಂಬುದು ಮನೆಮನೆಯ ಕಥೆ. ಮುಂದೆ ಅವರೇ ಜನರ ಬಾಯಲ್ಲಿ ಕೈವಾರ ತಾತಯ್ಯನವರಾದರು. ಪವಾಡವನ್ನು ಬದಿಗಿಟ್ಟು ನೋಡಿದರೂ ಇಲ್ಲಿ ಒಂದು ದಾಂಪತ್ಯದ ಕಥೆಯಿದೆ: ಹೊಟ್ಟೆಪಾಡಿನ ಚಿಂತೆ ಹೊತ್ತ ಹೆಂಡತಿ, ಹಾಡಿನ ಕಡೆ ವಾಲಿದ ಗಂಡ. ಆಕೆಯನ್ನು ಬರೀ ಗಯ್ಯಾಳಿಯೆಂದು ಬಗೆಯುವುದು ಅನ್ಯಾಯ. ಮನೆ ನಡೆಯಬೇಕೆಂಬ ಆಕೆಯ ಹಟವೇ ಕಥೆಗೆ ಬಿಗಿ ಕೊಡುತ್ತದೆ. ಹಾಲಿವುಡ್ಡಿನ ಪ್ರೇಮಕಥೆ ಮದುವೆಯಲ್ಲಿ ಮುಗಿಯುತ್ತಿತ್ತು. ಸಂತನ ಕಥೆ ಮದುವೆಯಾದ ಮೇಲೆ ಶುರುವಾಗುತ್ತದೆ.

ಇನ್ನು ತಯಾರಿಕೆಯ ವಿಷಯ. ಆಗಿನ ಕನ್ನಡ ಚಿತ್ರಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಮೊದಲು ಹಾಡಿನ ಧ್ವನಿಮುದ್ರಣ. ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು ಇಡೀ ಹಾಡನ್ನು ಒಂದೇ ಓಟದಲ್ಲಿ ಮುಗಿಸಬೇಕು. ನಡುವೆ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹಾಡು ಮೂರು-ಮೂರೂವರೆ ನಿಮಿಷ ದಾಟಬಾರದು, ಏಕೆಂದರೆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಅಷ್ಟೆ. ಆಮೇಲೆ ಸೆಟ್ಟಿನಲ್ಲಿ ಆ ಹಾಡನ್ನು ಹಾಕಿ ನಟರು ತುಟಿ ಹೊಂದಿಸುತ್ತಿದ್ದರು. ಹಾಲಿವುಡ್ಡಿನಲ್ಲಿಯೂ ಕ್ರಮ ಇದೇ. ಪ್ಯಾರಿಸ್ ನಗರದ ಬೀದಿಗಳನ್ನು ಎಂಜಿಎಂ ಕ್ಯಾಲಿಫೋರ್ನಿಯಾದ ತನ್ನ ಸ್ಟುಡಿಯೋದಲ್ಲೇ ಕಟ್ಟಿತ್ತು.

ಹಾಲಿವುಡ್ಡೂ ಕನ್ನಡವೂ ಬೇರೆಯಾಗುವುದು ದನಿಯ ವಿಚಾರದಲ್ಲಿ. 'ಸಿಂಗಿನ್ ಇನ್ ದಿ ರೇನ್' ಕಥೆಯಲ್ಲಿ ಇನ್ನೊಬ್ಬಳ ದನಿಗೆ ತುಟಿಯಾಡಿಸುವ ತಾರೆ ಕೊನೆಗೆ ಪರದೆ ಸರಿದಾಗ ಸಿಕ್ಕಿಬಿದ್ದು ಮಾನ ಕಳೆದುಕೊಳ್ಳುತ್ತಾಳೆ. 'ದಿ ಕಿಂಗ್ ಅಂಡ್ ಐ' (1956) ಚಿತ್ರದಲ್ಲಿ ಡೆಬೊರಾ ಕೆರ್ ಅವರಿಗೆ ಹಾಡಿದ ಮಾರ್ನಿ ನಿಕ್ಸನ್ ಅವರ ಹೆಸರು ತೆರೆಯ ಮೇಲೆ ಬರಲಿಲ್ಲ. ನಮ್ಮಲ್ಲಿ ಹಾಗಲ್ಲ. 'ಭಕ್ತ ಕನಕದಾಸ'ದ ನಂತರ ಪಿ.ಬಿ. ಶ್ರೀನಿವಾಸ್ ಅವರ ದನಿ ರಾಜ್‌ಕುಮಾರ್ ಅವರ ಮುಖಕ್ಕೆ ಅಂಟಿಕೊಂಡಿತು. ಇದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಮೋಸವೆನಿಸಲಿಲ್ಲ. ರಾಜ್‌ಕುಮಾರ್ ಸ್ವತಃ ರಂಗಭೂಮಿಯಲ್ಲಿ ಹಾಡಿ ಬೆಳೆದವರು ಎಂಬುದನ್ನು ನೆನೆದರೆ ಈ ಒಪ್ಪಿಗೆಯ ದೊಡ್ಡತನ ಅರಿವಾಗುತ್ತದೆ.

ಇನ್ನೊಂದು ಸಂಗತಿಯನ್ನು ಸಂಶೋಧಕರು ಗಮನಿಸಬೇಕು. ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದವರು, ಅವರ 'ಕಾಲಜ್ಞಾನ' ತೆಲುಗಿನದು. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಜನ ಇಂದಿಗೂ ಎರಡು ನುಡಿಗಳಲ್ಲಿ ಸಲೀಸಾಗಿ ಓಡಾಡುತ್ತಾರೆ. 1956ರ ನವೆಂಬರ್ 1ರ ಏಕೀಕರಣವಾಗಿ ಐದು ವರ್ಷಕ್ಕೆ ಇಂಥ ಸಂತನನ್ನು ಕನ್ನಡ ಚಿತ್ರವೊಂದು ನಾಯಕನನ್ನಾಗಿಸಿತು. ಆಸುಪಾಸಿನ ಹೆಸರುಗಳನ್ನು ನೋಡಿ: 'ಜಗಜ್ಯೋತಿ ಬಸವೇಶ್ವರ' (1959), 'ರಣಧೀರ ಕಂಠೀರವ' (1960), 'ಭಕ್ತ ಕನಕದಾಸ', 'ಕಿತ್ತೂರು ಚೆನ್ನಮ್ಮ' (1961). ಕಲ್ಯಾಣ, ಮೈಸೂರು, ಕಾಗಿನೆಲೆ, ಕಿತ್ತೂರು. ಈ ಸಾಲಿಗೆ ಪೂರ್ವದ ಗಡಿಯಿಂದ ಸೇರಿದ್ದು ಕೈವಾರ. ಹೊಸ ರಾಜ್ಯದ ಜನ ಒಬ್ಬರನ್ನೊಬ್ಬರು ಪರಿಚಯಿಸಿಕೊಂಡದ್ದರಲ್ಲಿ ಟೆಂಟ್ ಸಿನಿಮಾದ ಪಾಲೂ ಇತ್ತೆಂದು ನಾನು ನಂಬುತ್ತೇನೆ.

ಸಿಂಗ್ ಠಾಕೂರ್ ಇದೇ ಕಸುಬನ್ನು ಕಾದಂಬರಿಗಳತ್ತ ತಿರುಗಿಸಿದರು: ಕೃಷ್ಣಮೂರ್ತಿ ಪುರಾಣಿಕರ ಕೃತಿಯಿಂದ 'ಕರುಣೆಯೇ ಕುಟುಂಬದ ಕಣ್ಣು' (1962), ತ.ರಾ.ಸು. ಅವರಿಂದ 'ಚಂದವಳ್ಳಿಯ ತೋಟ' (1964). ವೆಂಕಟೇಶ್ 1966ರಲ್ಲಿ ಅ.ನ.ಕೃ. ಕಾದಂಬರಿಯ 'ಸಂಧ್ಯಾರಾಗ' ಚಿತ್ರಕ್ಕೆ ಬಾಲಮುರಳಿಕೃಷ್ಣ ಅವರೊಡನೆ ಸಂಗೀತ ಕೊಟ್ಟರು, ಭೀಮಸೇನ ಜೋಶಿಯವರಿಂದ ಹಾಡಿಸಿದರು. ನಾಯಕ ಮತ್ತೆ ಗಾಯಕನೇ, ನಟ ಮತ್ತೆ ರಾಜ್‌ಕುಮಾರ್. ಈ ಬಾರಿ ಅವನ ಹಂಬಲ ದೇವರದಲ್ಲ, ಸಂಗೀತದ್ದು.