ಅರಳು-ಮರಳಿಗೆ ಮುಂಚಿನ ಇಪ್ಪತ್ತು ವರ್ಷ: ರಕ್ತದೊತ್ತಡ, ಆಲ್‌ಝೈಮರ್ ಕುರಿತು ಒಂದು ಟಿಪ್ಪಣಿ

‘ಅರವತ್ತಕ್ಕೆ ಅರಳು-ಮರಳು’ ಎಂಬ ಗಾದೆ ಮರೆವಿನ ಹೊಣೆಯನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುತ್ತದೆ. ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದಂಥ ಊರಲ್ಲಿ ಬಿ.ಪಿ. ಮತ್ತು ಮರೆವು ಎರಡು ಬೇರೆ ಬೇರೆ ಮಾತು. ಒಂದು ಗುಳಿಗಿಯದು, ಇನ್ನೊಂದು ಹಣೆಬರಹದ್ದು. ಇವೆರಡರ ನಡುವೆ ಇಪ್ಪತ್ತು-ಮೂವತ್ತು ವರ್ಷಗಳ ಅಂತರವಿರುವುದರಿಂದಲೇ ನಂಟು ಕಣ್ಣಿಗೆ ಬೀಳುವುದಿಲ್ಲ.

ನಂಟನ್ನು ತೋರಿಸಿದ್ದು ದೀರ್ಘಕಾಲದ ಅಧ್ಯಯನಗಳು. ಹೊನೊಲುಲುವಿನ ಜಪಾನಿ ಮೂಲದ ಪುರುಷರಲ್ಲಿ, ನಡುವಯಸ್ಸಿನಲ್ಲೇ ರಕ್ತದೊತ್ತಡ ಏರಿದ್ದೂ ಔಷಧ ಪಡೆಯದವರಿಗೆ ಮುಪ್ಪಿನಲ್ಲಿ ಡಿಮೆನ್ಶಿಯಾ (ಅರಿವು ಕುಂದುವ ಕಾಯಿಲೆ) ಹೆಚ್ಚಾಗಿ ಬಂದಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 70ರ ಹರೆಯದವರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ (1996) ಇನ್ನೊಂದು ಸೂಕ್ಷ್ಮವನ್ನು ಕಂಡಿತು: ಮೊದಲು ಏರಿದ್ದ ಒತ್ತಡ, ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ಇಳಿಯತೊಡಗುತ್ತದೆ. ಹಾಗಾಗಿ ಮರೆವು ಶುರುವಾದ ಅಜ್ಜಿಯ ಬಿ.ಪಿ. ಇಂದು ಸರಿಯಿದೆ ಎಂದ ಮಾತ್ರಕ್ಕೆ ಅದನ್ನು ನಿರಪರಾಧಿ ಎನ್ನಲಾಗದು. ಕೇಳಬೇಕಾದದ್ದು ಆಕೆಯ ಐವತ್ತರ ಅಳತೆಯನ್ನು.

ಹಾನಿಗೆ ಎರಡು ದಾರಿಗಳಿವೆ. ಒಂದು ನೇರ: ಮೆದುಳಿನ ಕಿರುಧಮನಿಗಳ ಗೋಡೆ ದಪ್ಪಗಾಗಿ, ಒಳಗಿನ ಬಿಳಿಭಾಗಕ್ಕೆ ರಕ್ತ ಸಾಲದೆ, ಸದ್ದಿಲ್ಲದ ಸಣ್ಣ ಗಾಯಗಳಾಗುತ್ತವೆ. ಇನ್ನೊಂದು ಸುತ್ತುದಾರಿ: ಆಲ್‌ಝೈಮರ್‌ನ ಗುರುತಾದ ಅಮಿಲಾಯ್ಡ್ ಪ್ರೋಟೀನು ಭಾಗಶಃ ಹೊರಹೋಗುವುದು ರಕ್ತನಾಳಗಳ ಅಂಚಿನ ಜಾಡಿನಲ್ಲಿ, ನಾಡಿಯ ಬಡಿತ ದ್ರವವನ್ನು ತಳ್ಳುವ ಬಲದಿಂದ. 2018ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒತ್ತಡ ಏರಿದಾಗ ಈ ಹರಿವು ಕುಗ್ಗಿತು. ಮನುಷ್ಯರಲ್ಲಿ ಈ ಎರಡನೆಯ ದಾರಿ ಇನ್ನೂ ಊಹೆಯ ಹಂತದಲ್ಲೇ ಇದೆ. ಮುದಿ ಮೆದುಳುಗಳ ಶವಪರೀಕ್ಷೆಯಲ್ಲಿ ಅಮಿಲಾಯ್ಡ್ ಮತ್ತು ರಕ್ತನಾಳದ ಗಾಯ ಹಲವು ಬಾರಿ ಒಟ್ಟಿಗೇ ಸಿಗುತ್ತವೆ. ಆದ್ದರಿಂದ ಒತ್ತಡವನ್ನು ಆಲ್‌ಝೈಮರ್‌ನ ‘ಕಾರಣ’ ಎನ್ನುವುದಕ್ಕಿಂತ ‘ಪಾಲುದಾರ’ ಎನ್ನುವುದು ಸರಿ.

ಒತ್ತಡ ಇಳಿಸಿದರೆ ಫಲವುಂಟೇ? ಅಮೆರಿಕದ ‘ಸ್ಪ್ರಿಂಟ್ ಮೈಂಡ್’ (2019) 9,361 ಜನರಲ್ಲಿ ಒಂದು ಗುಂಪಿನ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಯತ್ನಿಸಿತು. ಆ ಗುಂಪಿನಲ್ಲಿ ಅರಿವಿನ ಸೌಮ್ಯ ಕುಂದು 19% ತಗ್ಗಿತು, ಡಿಮೆನ್ಶಿಯಾದ ಇಳಿಕೆ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಖಚಿತವಾಗಲಿಲ್ಲ. ಅಕ್ಕೋಳಕ್ಕೆ ಹೆಚ್ಚು ಹತ್ತಿರದ ಪ್ರಯೋಗ ಚೀನಾದ 326 ಹಳ್ಳಿಗಳದ್ದು (2025): ಊರಿನ ಆರೋಗ್ಯ ಕಾರ್ಯಕರ್ತರೇ ಔಷಧ ಹೊಂದಿಸಿದ ಹಳ್ಳಿಗಳಲ್ಲಿ ನಾಲ್ಕು ವರ್ಷಗಳಲ್ಲಿ ಡಿಮೆನ್ಶಿಯಾ 15% ಕಡಿಮೆಯಾಯಿತು. ಎರಡೂ ಕಡೆ ಅಳೆದದ್ದು ಆಲ್‌ಝೈಮರ್ ಒಂದನ್ನೇ ಅಲ್ಲ, ಒಟ್ಟು ಡಿಮೆನ್ಶಿಯಾವನ್ನು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವು ಶ್ರೀನಿವಾಸಪುರದಿಂದ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಆ ತಾಲ್ಲೂಕಿನಲ್ಲಿ, 45 ದಾಟಿದ 10,000 ಗ್ರಾಮೀಣರನ್ನು ಹಿಂಬಾಲಿಸುವ ಗುರಿಯಿಂದ ‘ಸ್ಯಾನ್ಸ್‌ಕಾಗ್’ ಅಧ್ಯಯನ ನಡೆಸುತ್ತಿದೆ. ಆದರೆ ಅದು ಮಾವಿನ ಸೀಮೆ. ನಿಪ್ಪಾಣಿ ತಂಬಾಕಿನ ಸೀಮೆ. ಸೇದಿದರೂ ಅಗಿದರೂ ನಿಕೋಟಿನ್ ಒತ್ತಡವನ್ನು ಆ ಹೊತ್ತಿಗೆ ಏರಿಸುತ್ತದೆ. ಅಲ್ಲಿನ ಫಲಿತವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು.

‘ತಲಿ ತಿರಗಲಿಲ್ಲಂದ್ರ ಗುಳಿಗಿ ಯಾಕ?’ ಎಂಬ ಪ್ರಶ್ನೆಯಲ್ಲಿ ಈ ಸಮಸ್ಯೆಯ ತಿರುಳಿದೆ. ಏರಿದ ಒತ್ತಡಕ್ಕೆ ಸಾಮಾನ್ಯವಾಗಿ ನೋವೂ ಇಲ್ಲ, ಲಕ್ಷಣವೂ ಇಲ್ಲ. ನಲವತ್ತೈದರಿಂದ ಅಳತೆಗಳನ್ನು ತಾರೀಖಿನೊಂದಿಗೆ ಒಂದು ವಹಿಯಲ್ಲಿ ಬರೆದಿಟ್ಟರೆ ಇಂದಿನ ವೈದ್ಯರಿಗೆ ಚಿಕಿತ್ಸೆಯ ಆಧಾರ. ಇಪ್ಪತ್ತು ವರ್ಷಗಳ ನಂತರದ ಸಂಶೋಧಕನಿಗೆ ಅದೇ ದಾಖಲೆ.