ಶ್ವಾಸಕೋಶ ಕ್ಯಾನ್ಸರ್: ಜೀನ್ ಜೋಡಣೆ ಬದಲಾಗಿದೆಯೇ ಎಂದು ನೋಡುವ ಪರೀಕ್ಷೆ ಯಾಕೆ, ಹೇಗೆ?

ಕಾಸರಗೋಡು: ಶ್ವಾಸಕೋಶದ ಕ್ಯಾನ್ಸರ್ ಎಂದ ಕೂಡಲೇ ನಮ್ಮ ಊರುಗಳಲ್ಲಿ ಮೊದಲು ಕೇಳಿ ಬರುವ ಮಾತು "ಬೀಡಿ ಸೇದುತ್ತಿದ್ದರಾ?" ಎಂಬುದು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳಿರುವ ಮಂಜೇಶ್ವರ, ಕುಂಬಳೆ ಕಡೆ ಈ ಪ್ರಶ್ನೆ ಸಹಜವೇ. ತಂಬಾಕು ಈ ರೋಗದ ಅತಿ ದೊಡ್ಡ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜೀವಮಾನದಲ್ಲಿ ಒಂದು ಬೀಡಿಯನ್ನೂ ತುಟಿಗೆ ತಾಗಿಸದ ಹೆಂಗಸರಿಗೂ, ನಲುವತ್ತು ದಾಟದ ಯುವಕರಿಗೂ ಈ ಕಾಯಿಲೆ ಬರುತ್ತದೆ. ಖ್ಯಾತ ನಿರೂಪಕಿ, ನಟಿ ಅಪರ್ಣಾ ವಸ್ತಾರೆ ಅವರು 2024ರ ಜುಲೈ 11ರಂದು ಬೆಂಗಳೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನರಾದಾಗ, ಹೆಂಗಸರಿಗೂ ಇದು ಬರುವುದುಂಟೇ ಎಂದು ಕೇಳಿದವರು ಕಡಿಮೆಯಲ್ಲ.

ಧೂಮಪಾನ ಮಾಡದವರ ಈ ಕ್ಯಾನ್ಸರ್‌ನಲ್ಲಿ ಹಲವು ಬಾರಿ ಜೀನ್‌ನಲ್ಲೇ ಒಂದು ನಿರ್ದಿಷ್ಟ ದೋಷ ಕಂಡು ಬರುತ್ತದೆ. ದೋಷ ಯಾವುದೆಂದು ಗೊತ್ತಾದರೆ ಕೆಲವರಿಗೆ ಕಿಮೊ ಬದಲು ಮಾತ್ರೆಯಲ್ಲೇ ಚಿಕಿತ್ಸೆ ಸಾಧ್ಯ. ಗೊತ್ತಾಗದಿದ್ದರೆ ಆ ಮಾತ್ರೆ ಇದ್ದೂ ಇಲ್ಲದಂತೆ. ಆಸ್ಪತ್ರೆಯ ಚೀಟಿಯಲ್ಲಿ ಎಎಲ್‌ಕೆ, ಆರ್‌ಒಎಸ್-1, ಆರ್‌ಇಟಿ ಎಂದು ಬರೆದಿರುವುದು ಇದೇ ದೋಷಗಳ ಪರೀಕ್ಷೆ.

ಜೀನ್ ಜೋಡಣೆ ಬದಲಾಗುವುದು ಎಂದರೇನು? ಈ ಲೇಖಕ ಕಲಾ ಪದವೀಧರ. ಆದ್ದರಿಂದ ತೋಟದ ಭಾಷೆಯಲ್ಲೇ ಹೇಳುವುದಾದರೆ, ಎಎಲ್‌ಕೆ ಎಂಬುದು ಒಂದು ಪಂಪ್‌ಸೆಟ್ಟಿನ ಹಾಗೆ. ಮಗು ಗರ್ಭದಲ್ಲಿ ನರಗಳು ಬೆಳೆಯುವಾಗ ಅದಕ್ಕೆ ಕೆಲಸವಿರುತ್ತದೆ. ದೊಡ್ಡವರ ಶ್ವಾಸಕೋಶದಲ್ಲಿ ಅದು ಬಂದ್ ಆಗಿರಬೇಕು. ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಇದೇ ಸಾಲಿನಲ್ಲಿ ಸ್ವಲ್ಪ ದೂರದಲ್ಲಿ ಇಎಂಎಲ್-4 ಎಂಬ ಇನ್ನೊಂದು ಜೀನ್ ಇದೆ. ಅದರ ಲೈನಿನಲ್ಲಿ ಸದಾ ಕರೆಂಟು. ಕೆಲವೊಮ್ಮೆ ಒಂದು ಜೀವಕೋಶದಲ್ಲಿ ಕ್ರೋಮೋಸೋಮಿನ ಆ ತುಂಡು ಮುರಿದು, ತಿರುಗಿ, ಉಲ್ಟಾ ಕೂತುಕೊಳ್ಳುತ್ತದೆ. ಆಗ ಎಎಲ್‌ಕೆಯ ಮೋಟಾರು ಇಎಂಎಲ್-4ರ ಲೈನಿಗೆ ಸಿಕ್ಕಿಕೊಳ್ಳುತ್ತದೆ. ಸ್ವಿಚ್ಚೇ ಇಲ್ಲದ ಪಂಪು ಹಗಲೂ ರಾತ್ರಿ ಓಡುತ್ತದೆ, ಜೀವಕೋಶ ನಿಲ್ಲದೆ ಹೆಚ್ಚುತ್ತದೆ. ಮಾತ್ರೆ ಮಾಡುವ ಕೆಲಸ ಆ ಮೋಟಾರನ್ನು ನಿಲ್ಲಿಸುವುದು.

ಈ ಬದಲಾವಣೆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಇರುತ್ತದೆ. ಅದು ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. "ಜೀನ್ ಪರೀಕ್ಷೆ" ಎಂಬ ಹೆಸರು ಕೇಳಿಯೇ ಮಗಳ ಮದುವೆ ಪ್ರಸ್ತಾಪಕ್ಕೆ ತೊಂದರೆಯಾದೀತು ಎಂದು ವರದಿಯನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ.

ಕ್ರೋಮೋಸೋಮುಗಳು ತುಂಡಾಗಿ ಸ್ಥಳ ಬದಲಿಸುವುದು ರಕ್ತದ ಕ್ಯಾನ್ಸರ್‌ನಲ್ಲಿ 1973ರಲ್ಲೇ ಗೊತ್ತಾಗಿತ್ತು. ಅಮೆರಿಕದ ಜಾನೆಟ್ ರೌಲಿ ಅದನ್ನು ತೋರಿಸಿದ್ದರು. ಗಟ್ಟಿ ಗಡ್ಡೆಗಳಲ್ಲಿ ಅಂಥದ್ದು ಅಪರೂಪ ಎಂದೇ ಬಹುಕಾಲ ನಂಬಲಾಗಿತ್ತು. 2007ರಲ್ಲಿ ಜಪಾನಿನ ಹಿರೊಯುಕಿ ಮಾನೊ ಅವರ ತಂಡ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಎಎಲ್‌ಕೆ ಜೋಡಣೆಯನ್ನು ಪತ್ತೆ ಹಚ್ಚಿತು. ಬೇರೆ ಗುರಿಗಾಗಿ ತಯಾರಾಗುತ್ತಿದ್ದ ಕ್ರಿಜೋಟಿನಿಬ್ ಎಂಬ ಔಷಧ ಎಎಲ್‌ಕೆಯನ್ನೂ ತಡೆಯುತ್ತದೆ ಎಂಬುದು ಬೆಳಕಿಗೆ ಬಂದು, 2011ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಪತ್ತೆಯಿಂದ ಮಾತ್ರೆಗೆ ನಾಲ್ಕೇ ವರ್ಷ. ಔಷಧ ಲೋಕದಲ್ಲಿ ಇಷ್ಟು ವೇಗ ಅಪರೂಪ.

ನಂತರ ಬಂದ ಮಾತ್ರೆಗಳು ಇನ್ನೂ ಪರಿಣಾಮಕಾರಿ. ಕ್ರಿಜೋಟಿನಿಬ್ ರೋಗವನ್ನು ಸರಾಸರಿ 11 ತಿಂಗಳ ಮಟ್ಟಿಗೆ ಹಿಡಿದಿಟ್ಟರೆ, ಅಲೆಕ್ಟಿನಿಬ್ ಸುಮಾರು 35 ತಿಂಗಳು ಹಿಡಿದಿಟ್ಟಿತು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಲೋರ್ಲಾಟಿನಿಬ್ ಪಡೆದವರಲ್ಲಿ ಶೇ. 60ರಷ್ಟು ಮಂದಿಗೆ ಐದು ವರ್ಷವಾದರೂ ರೋಗ ಮುಂದುವರಿದಿರಲಿಲ್ಲ. ಇವೆಲ್ಲ ರೋಗ ಹರಡಿದ ನಂತರ ಆಸ್ಪತ್ರೆಗೆ ಬಂದವರ ಲೆಕ್ಕ ಎಂಬುದು ಗಮನಾರ್ಹ. ಹಾಗೆಂದು ಇದು ಪೂರ್ಣ ಗುಣ ಎಂದು ತಿಳಿಯಬಾರದು. ಮದ್ದಿಗೆ ಬಗ್ಗದ ಜೀವಕೋಶಗಳು ಒಂದಲ್ಲ ಒಂದು ದಿನ ತಲೆ ಎತ್ತುವುದುಂಟು.

ಇನ್ನು ಪ್ರಮಾಣ. ಸಣ್ಣ ಜೀವಕೋಶದ ಬಗೆಯನ್ನು ಬಿಟ್ಟು ಉಳಿದ ಶ್ವಾಸಕೋಶ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 3ರಿಂದ 5 ಮಂದಿಗೆ ಎಎಲ್‌ಕೆ ಜೋಡಣೆ ಇರುತ್ತದೆ. ಆರ್‌ಒಎಸ್-1 ಮತ್ತು ಆರ್‌ಇಟಿ ತಲಾ ಒಂದೆರಡು; ಎನ್‌ಟಿಆರ್‌ಕೆ ಒಂದಕ್ಕಿಂತಲೂ ಕಡಿಮೆ. ಪಟ್ಟಿಯಲ್ಲಿ ಜೊತೆಗೇ ಕಾಣುವ ಇಜಿಎಫ್‌ಆರ್ ಜೋಡಣೆಯ ದೋಷವಲ್ಲ, ಅಕ್ಷರ ತಪ್ಪಿನಂಥದ್ದು. ಭಾರತೀಯರ ಅಡಿನೊ ಕಾರ್ಸಿನೋಮ ಬಗೆಯಲ್ಲಿ ಅದು ಕಾಲು ಭಾಗದ ಆಸುಪಾಸು ಇರುವುದರಿಂದ ಅದನ್ನೂ ನೋಡಲೇಬೇಕು. ಮೂರು ನಾಲ್ಕು ಮಂದಿಗಾಗಿ ನೂರು ಮಂದಿಯನ್ನು ಪರೀಕ್ಷಿಸಬೇಕೇ ಎಂದು ಕೇಳಬಹುದು. ಆ ಮೂರು ನಾಲ್ಕು ಮಂದಿ ಯಾರೆಂದು ಮುಖ ನೋಡಿ ಹೇಳಲು ಬರುವುದಿಲ್ಲವಲ್ಲ. ಎಎಲ್‌ಕೆ ಹೆಚ್ಚಾಗಿ ಕಿರಿಯರಲ್ಲಿ, ಧೂಮಪಾನ ಮಾಡದವರಲ್ಲಿ ಕಾಣುವುದು ನಿಜ. ಆದರೂ ಬೀಡಿ ಸೇದಿದವರನ್ನು ಕೈಬಿಡಬಾರದು, ಅಡಿನೊ ಕಾರ್ಸಿನೋಮ ಇರುವ ಎಲ್ಲರನ್ನೂ ಪರೀಕ್ಷಿಸಬೇಕು ಎಂದು 2013ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ.

ಪರೀಕ್ಷೆಗೆ ಬೇಕಾದುದು ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ಚೂರು. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಬಳಿಕ ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ತೆಗೆದ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ಎಎಲ್‌ಕೆ ಪ್ರೋಟೀನ್ ಇದೆಯೇ ಎಂದು ನೋಡುವುದು ಒಂದು ವಿಧಾನ, ಅಗ್ಗ, ಬೇಗ. ಇನ್ನೊಂದು ಫಿಶ್. ಹೆಸರು ಕೇಳಿ ಮೀನು ಎಂದುಕೊಳ್ಳಬೇಡಿ! ಜೀನ್‌ನ ಎರಡು ಬದಿಗೆ ಕೆಂಪು, ಹಸಿರು ಬೆಳಕಿನ ಗುರುತು ಹಚ್ಚುತ್ತಾರೆ. ಜೀನ್ ಸರಿಯಿದ್ದರೆ ಎರಡೂ ಒಟ್ಟಿಗಿರುತ್ತವೆ, ಮುರಿದಿದ್ದರೆ ದೂರವಾಗುತ್ತವೆ. ಕನಿಷ್ಠ 50 ಜೀವಕೋಶ ಎಣಿಸಿ, ಶೇ. 15ಕ್ಕೆ ಕಡಿಮೆ ಇಲ್ಲದಂತೆ ಹೀಗೆ ಕಂಡರೆ ಪಾಸಿಟಿವ್. ಮೂರನೆಯದು ಎನ್‌ಜಿಎಸ್, ಹಲವು ಜೀನ್‌ಗಳನ್ನು ಒಂದೇ ಸಲಕ್ಕೆ ಓದುವುದು. ದುಬಾರಿ, ವರದಿಗೆ ಎರಡು ಮೂರು ವಾರ ಹಿಡಿಯಬಹುದು. ಆದರೆ ಚೂರು ಚಿಕ್ಕದಿದ್ದರೆ ಅದನ್ನು ಒಂದೊಂದೇ ಪರೀಕ್ಷೆಗೆ ಕೊಯ್ದು ಮುಗಿಸುವುದಕ್ಕಿಂತ ಇದೇ ಲೇಸು. ಬಯಾಪ್ಸಿ ಸಾಧ್ಯವಾಗದವರಿಗೆ ರಕ್ತದಿಂದಲೂ ನೋಡುತ್ತಾರೆ. ರಕ್ತದಲ್ಲಿ ಸಿಕ್ಕರೆ ಸರಿ; ಸಿಗದಿದ್ದರೆ ದೋಷವೇ ಇಲ್ಲ ಎಂದು ಅರ್ಥವಲ್ಲ.

ಮೂಳೆಯಿಂದ ಚೂರು ತೆಗೆದಾಗ ಇನ್ನೊಂದು ತೊಡಕು. ಮೂಳೆ ಮೆದುವಾಗಲು ಆಮ್ಲದಲ್ಲಿಟ್ಟರೆ ಒಳಗಿನ ಡಿಎನ್‌ಎ, ಆರ್‌ಎನ್‌ಎ ಹಾಳಾಗುತ್ತದೆ. ಬೇರೆ ಕಡೆಯಿಂದ ಚೂರು ಸಿಗುವುದೇ ಎಂದು ಮೊದಲೇ ವೈದ್ಯರಲ್ಲಿ ವಿಚಾರಿಸುವುದು ಒಳಿತು.

ನಮ್ಮ ಜಿಲ್ಲೆಯವರ ನಿಜವಾದ ಕಷ್ಟ ಪ್ರಯೋಗಾಲಯದ್ದಲ್ಲ, ದಾರಿಯದ್ದು. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಎಂಬಿಬಿಎಸ್ ತರಗತಿಯ ಅನುಮತಿ ಸಿಕ್ಕಿದ್ದೇ 2025ರಲ್ಲಿ. ಹಾಗಾಗಿ ಮಂಜೇಶ್ವರ, ಉಪ್ಪಳ, ಬದಿಯಡ್ಕದವರು ಮಂಗಳೂರಿಗೆ, ಕಾಞಂಗಾಡ್, ನೀಲೇಶ್ವರದವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗುವುದು ವಾಡಿಕೆ. ಕೆಲವರು ಬೆಂಗಳೂರಿನ ಕಿದ್ವಾಯಿಗೆ, ತಿರುವನಂತಪುರದ ಆರ್‌ಸಿಸಿಗೆ. ಎಷ್ಟೋ ಮಂದಿ ಮೊದಲು ಒಂದು ಕಡೆ, ಹಣ ಮುಗಿದ ಮೇಲೆ ಇನ್ನೊಂದು ಕಡೆ. ಹೀಗೆ ಊರು ಬದಲಿಸುವಾಗ ಬ್ಲಾಕ್ ಹಿಂದಿನ ಆಸ್ಪತ್ರೆಯಲ್ಲೇ ಉಳಿದುಬಿಡುತ್ತದೆ. ಹೊಸ ಕಡೆ ಮತ್ತೆ ಎದೆಗೆ ಸೂಜಿ, ಮತ್ತೆ ಕಾಯುವಿಕೆ. 2020ರ ಮಾರ್ಚ್‌ನಲ್ಲಿ ಕರ್ನಾಟಕವು ತಲಪಾಡಿ ಗಡಿಯನ್ನು ಮುಚ್ಚಿದಾಗ ರೋಗಿಗಳು ಮಾತ್ರವಲ್ಲ, ಅವರ ಚಿಕಿತ್ಸೆಯ ಕಡತಗಳೂ ಆಚೆಯೇ ಸಿಲುಕಿದ್ದನ್ನು ಗಡಿನಾಡಿನವರು ಮರೆತಿಲ್ಲ.

ಆದ್ದರಿಂದ ಆಸ್ಪತ್ರೆ ಬದಲಿಸುವ ಮುನ್ನ ಬ್ಲಾಕ್, ಸ್ಲೈಡ್ ಮತ್ತು ವರದಿಗಳಿಗಾಗಿ ಲಿಖಿತ ಅರ್ಜಿ ಕೊಡಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬಾರದು, ಅದು ಮೇಣ. ಗಡಿನಾಡಿನ ಇನ್ನೊಂದು ಪ್ರತ್ಯೇಕ ಸಮಸ್ಯೆ ಹೆಸರು. ಆಧಾರದಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಮಲಯಾಳದ ಕಾಗುಣಿತದಲ್ಲಿ ಇನ್ನೊಂದು, ಮಂಗಳೂರಿನ ಚೀಟಿಯಲ್ಲಿ ಮನೆ ಹೆಸರೇ ಮಾಯ. ಬ್ಲಾಕಿನ ನಂಬ್ರ ಮತ್ತು ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.

ಕಾಯುವ ದಿನಗಳ ಬಗ್ಗೆಯೂ ಒಂದು ಮಾತು. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿತ ಕ್ಷಯಕ್ಕೂ ಇದೆ, ಇದಕ್ಕೂ ಇದೆ. ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೇ ತಿಂಗಳುಗಟ್ಟಲೆ ಕ್ಷಯದ ಮದ್ದು ತಿಂದು, ನಂತರ ಕ್ಯಾನ್ಸರ್ ಪತ್ತೆಯಾಗುವುದು ನಮ್ಮ ದೇಶದಲ್ಲಿ ಹೊಸತಲ್ಲ. ಮದ್ದಿಗೆ ಗುಣ ಕಾಣದಿದ್ದರೆ ಸ್ಕ್ಯಾನಿಂಗ್ ಕೇಳುವುದು ತಪ್ಪಲ್ಲ. ಕ್ಯಾನ್ಸರ್ ಖಚಿತವಾದ ಮೇಲೆ, ರೋಗಿ ತೀರಾ ಬಳಲಿದ್ದರೆ ಜೀನ್ ವರದಿಗೆ ಕಾಯದೆ ಕಿಮೊ ಆರಂಭಿಸುವುದುಂಟು. ಆದರೆ ಇಮ್ಯುನೋಥೆರಪಿ ಎಂಬ ದುಬಾರಿ ಇಂಜೆಕ್ಷನ್ ಎಎಲ್‌ಕೆ ಇದ್ದವರಿಗೆ ಅಷ್ಟಾಗಿ ಹಿಡಿಯುವುದಿಲ್ಲ, ಅದರ ಹಿಂದೆಯೇ ಮಾತ್ರೆ ಕೊಟ್ಟರೆ ಅಡ್ಡ ಪರಿಣಾಮವೂ ಹೆಚ್ಚಬಹುದು. ವರದಿ ಬರುವ ತನಕ ಅದನ್ನು ತಡೆಹಿಡಿಯಬಹುದೇ ಎಂದು ತಜ್ಞರಲ್ಲಿ ಕೇಳಬೇಕು.

ಮಾತ್ರೆ ಶುರುವಾದ ಮೇಲೆ ಹಳ್ಳಿಮದ್ದು, ಕಷಾಯ ಏನಿದ್ದರೂ ವೈದ್ಯರಿಗೆ ತಿಳಿಸಿ. ಕ್ರಿಜೋಟಿನಿಬ್ ತಿನ್ನುವವರು ಗ್ರೇಪ್‌ಫ್ರೂಟ್ ತಿನ್ನಬಾರದು. ಅದರ ಹತ್ತಿರದ ನೆಂಟನಾದ, ನಮ್ಮ ಹಿತ್ತಲಿನ ಚಕ್ಕೋತವನ್ನೂ ದೂರವಿಡುವುದೇ ಲೇಸು.

ಖರ್ಚಿನ ವಿಚಾರ ಸುಲಭವಿಲ್ಲ. ಈ ಮಾತ್ರೆಗಳನ್ನು ರೋಗ ಹತೋಟಿಯಲ್ಲಿರುವಷ್ಟು ಕಾಲ ದಿನವೂ ತಿನ್ನಬೇಕು, ವರ್ಷಗಟ್ಟಲೆ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರಕಾರವು ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಗಳಲ್ಲಿ ಇಜಿಎಫ್‌ಆರ್‌ನ ಒಸಿಮೆರ್ಟಿನಿಬ್ ಇತ್ತು, ಎಎಲ್‌ಕೆಯದ್ದು ಒಂದೂ ಇರಲಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯಿದೆ. ಆದರೆ ಜೀನ್ ಪರೀಕ್ಷೆ ಮತ್ತು ಮನೆಗೆ ಒಯ್ಯುವ ಮಾತ್ರೆ ಅದರಲ್ಲಿ ಸೇರುತ್ತದೆಯೇ, ಮಂಗಳೂರಿನ ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮೊದಲೇ ಖಚಿತಪಡಿಸಿಕೊಳ್ಳಬೇಕು. 2024ರ ಆಗಸ್ಟ್‌ನಲ್ಲಿ ಕೇರಳ ಸರಕಾರವು ಜಿಲ್ಲೆಗೊಂದರಂತೆ 14 ಕಾರುಣ್ಯ ಔಷಧಾಲಯಗಳಲ್ಲಿ ದುಬಾರಿ ಕ್ಯಾನ್ಸರ್ ಔಷಧಗಳನ್ನು ಲಾಭವಿಲ್ಲದೆ ಮಾರುವ ಕೌಂಟರ್ ತೆರೆದಿದೆ. ಅಂಗಡಿಯ ಬಿಲ್ಲು ಕಟ್ಟುವ ಮೊದಲು ವೈದ್ಯರ ಚೀಟಿ ಹಿಡಿದು ಅಲ್ಲೊಮ್ಮೆ ದರ ವಿಚಾರಿಸಬಹುದು.