ಹುಲಿ ದಾಟದ ಕಡಲು

ಹಿಮಾಲಯದ ದಕ್ಷಿಣದ ಭಾರತ, ಶ್ರೀಲಂಕಾಗಳಿಂದ ಬರ್ಮಾ, ದಕ್ಷಿಣ ಚೀನಾ, ಮಲಯ, ಸುಮಾತ್ರಾ, ಜಾವಾಗಳವರೆಗೆ ಹಬ್ಬಿರುವ ಉಷ್ಣಸೀಮೆಯನ್ನು ಪ್ರಾಣಿಭೂಗೋಳ ಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವಾಲೆಸರು 1876ರ ತಮ್ಮ ಗ್ರಂಥದಲ್ಲಿ 'ಓರಿಯೆಂಟಲ್ ವಲಯ'ವೆಂದು ಕರೆದರು. ಮಾನ್ಸೂನ್ ಮಳೆ, ನಿತ್ಯಹರಿದ್ವರ್ಣ ಕಾಡು, ಆನೆ, ಹುಲಿ, ಘೇಂಡಾಮೃಗಗಳು ಇದರ ಸಂಪತ್ತು. ನಮ್ಮ ದಾಂಡೇಲಿಯ ದೊಡ್ಡ ಮಂಗಟ್ಟೆ ಹಕ್ಕಿ ಸುಮಾತ್ರಾದಲ್ಲಿಯೂ ಇದೆ.

ಈ ವಲಯದ ಮೂಡಣ ಗಡಿ ಎಲ್ಲಿದೆ? 1856ರಲ್ಲಿ ವಾಲೆಸರು ಬಾಲಿಯಿಂದ ನೆರೆಯ ಲೊಂಬೊಕ್ ದ್ವೀಪಕ್ಕೆ ಹಾಯಿಹಡಗಿನಲ್ಲಿ ಹೋದರು. ನಡುವಣ ದೂರ ಸುಮಾರು 35 ಕಿಲೋಮೀಟರ್. ಬಿಸಿಲು ಮಳೆಗಳು ಬಹುಮಟ್ಟಿಗೆ ಒಂದೇ. ಆದರೂ ಬಾಲಿಯಲ್ಲಿ ಅವರಿಗೆ ಏಷ್ಯಾದ ಮರಕುಟಿಗ, ಕುಟ್ರುಹಕ್ಕಿಗಳು ಕಂಡವು. ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾದ ಬಳಗಕ್ಕೆ ಸೇರಿದ ಬಿಳಿಯ ಕಾಕಟೂಗಳು ಕಂಡವು.

ಹವಾಮಾನದಿಂದ ಈ ವ್ಯತ್ಯಾಸವನ್ನು ವಿವರಿಸಲಾಗದು. ರೋಗಿಯ ಪೂರ್ವವೃತ್ತಾಂತ ತಿಳಿಯದೆ ರೋಗನಿರ್ಣಯವಿಲ್ಲವೆಂಬುದನ್ನು ವೈದ್ಯರಾದ ನಾವು ಬಲ್ಲೆವು. ಭೂಮಿಗೂ ಆ ಮಾತು ಸಲ್ಲುತ್ತದೆ. ಹಿಮಯುಗದಲ್ಲಿ ಕಡಲಿನ ಮಟ್ಟ ಸುಮಾರು 120 ಮೀಟರ್ ಇಳಿದಾಗ ಸುಮಾತ್ರಾ, ಜಾವಾ, ಬಾಲಿಗಳು ಏಷ್ಯಾದೊಡನೆ ಒಂದೇ ನೆಲವಾಗಿದ್ದವು. ಹುಲಿಗೆ ಬಾಲಿಯವರೆಗೂ ಕಾಲುಹಾದಿಯಿತ್ತು. ಅದಕ್ಕಿಂತ ಆಳವಾದ ಲೊಂಬೊಕ್ ಜಲಸಂಧಿ ಮಾತ್ರ ಬತ್ತಲಿಲ್ಲ. ಹುಲಿ ಅಲ್ಲಿಯೇ ನಿಂತಿತು.

ಸಾವಿರಾರು ವರ್ಷ ಅಲ್ಲಿ ಬಾಳಿದ ಬಾಲಿಯ ಹುಲಿ 20ನೆಯ ಶತಮಾನದಲ್ಲಿ ಬೇಟೆ ಹಾಗೂ ಕಾಡುನಾಶಗಳಿಂದ ನಿರ್ನಾಮವಾಯಿತು. ಅದೇ ವಲಯದ ಪಡುವಣದಲ್ಲಿರುವ ಬಂಡೀಪುರ, ನಾಗರಹೊಳೆಗಳಲ್ಲಿ ಅದರ ಬಂಧುಗಳು ಇನ್ನೂ ಇವೆ. ತವರಿನ ಕಾಡುಗಳನ್ನು ನೆನೆಯುವಾಗ ನಾವೂ ನಮ್ಮ ಮಕ್ಕಳೂ ಬಾಲಿಯ ಈ ವೃತ್ತಾಂತವನ್ನು ಮರೆಯಬಾರದು.